ರಘುರಾಮ ಭಟ್: ಚೆಂಡಿನಿಂದ ಕುರ್ಚಿಯವರೆಗೆ

ಕಲ್ಲೂರು, ಮಾನ್ವಿ, ದೇವದುರ್ಗದ ಕಡೆ ಕ್ರಿಕೆಟ್ ಎಂದರೆ ಜೋಳ ಕಟಾವಾದ ಹೊಲ, ಟೆನಿಸ್ ಚೆಂಡು. ಆಟಗಾರರ ಹೆಸರು ನಮಗೆ ಬಾಯಿಪಾಠ. ಅವರನ್ನು ಆರಿಸುವವರು ಯಾರು, ಸಂಸ್ಥೆಯ ಬೀಗದ ಕೈ ಯಾರ ಬಳಿ ಇದೆ ಎಂದು ಮಾತ್ರ ನಾವು ಕೇಳುವುದಿಲ್ಲ. ಎ. ರಘುರಾಮ ಭಟ್ಟರ ಚರಿತ್ರೆ ಈ ಎರಡನ್ನೂ ಕೇಳುವಂತೆ ಮಾಡುತ್ತದೆ.

1958ರಲ್ಲಿ ಪುತ್ತೂರಿನಲ್ಲಿ ಹುಟ್ಟಿದ ಭಟ್ಟರು ಎಡಗೈ ಸ್ಪಿನ್ನರ್. ಪ್ರಸನ್ನ, ಚಂದ್ರಶೇಖರ್ ಅವರ ಕಾಲ ಮುಗಿಯುತ್ತಿದ್ದಾಗ ಕರ್ನಾಟಕ ತಂಡಕ್ಕೆ ಬಂದವರು. ಅವರ ಹೆಸರು ನಿಂತಿರುವುದು 1981-82ರ ರಣಜಿ ಸೆಮಿಫೈನಲ್‌ನಲ್ಲಿ. ಬೆಂಗಳೂರಿನಲ್ಲಿ ಬಾಂಬೆಯ ಮೊದಲ ಇನಿಂಗ್ಸ್‌ನಲ್ಲಿ ಅವರು 123 ರನ್ನಿಗೆ 8 ವಿಕೆಟ್ ಕಿತ್ತರು, ಅದರಲ್ಲೊಂದು ಹ್ಯಾಟ್ರಿಕ್. ಎರಡನೇ ಇನಿಂಗ್ಸ್ ಹೊತ್ತಿಗೆ ಪಿಚ್ ಒಡೆದು ಚೆಂಡು ವಿಪರೀತ ತಿರುಗುತ್ತಿತ್ತು. ಆಗ ಸುನಿಲ್ ಗವಾಸ್ಕರ್ ಏನು ಮಾಡಿದರು ಗೊತ್ತೇ? ಭಟ್ಟರ ಎಸೆತಗಳಿಗೆ ಎಡಗೈಯಲ್ಲಿ ಬ್ಯಾಟ್ ಹಿಡಿದರು, ಉಳಿದವರಿಗೆ ಬಲಗೈಯಲ್ಲಿ! ಬಲಗೈ ಆಟಗಾರನಿಂದ ಹೊರಗೆ ಹೋಗುವ ಚೆಂಡು ಎಡಗೈಯವನಿಗೆ ಒಳಕ್ಕೆ ಬರುತ್ತದೆ, ಪ್ಯಾಡಿನಿಂದ ತಡೆದರಾಯಿತು ಎಂಬುದು ಅವರ ಲೆಕ್ಕ. ಒಬ್ಬ ಬೌಲರನಿಗೆ ಇದಕ್ಕಿಂತ ದೊಡ್ಡ ಸನ್ಮಾನ ಯಾವ ವೇದಿಕೆಯಲ್ಲೂ ಸಿಗಲಿಕ್ಕಿಲ್ಲ.

ಭಾರತ ತಂಡದ ಬಾಗಿಲು ಅವರಿಗೆ ತೆರೆದದ್ದು ಒಂದೇ ತಿಂಗಳು. 1983ರ ಅಕ್ಟೋಬರಿನಲ್ಲಿ ನಾಗಪುರದಲ್ಲಿ ಪಾಕಿಸ್ತಾನದ ವಿರುದ್ಧ, ಬಳಿಕ ಕಾನ್ಪುರದಲ್ಲಿ ವೆಸ್ಟ್ ಇಂಡೀಸ್ ವಿರುದ್ಧ. ಎರಡು ಟೆಸ್ಟ್, ನಾಲ್ಕು ವಿಕೆಟ್. ಆ ನಾಲ್ವರಲ್ಲಿ ಜಾವೇದ್ ಮಿಯಾಂದಾದ್, ಕ್ಲೈವ್ ಲಾಯ್ಡ್ ಇದ್ದರು. ಕಾನ್ಪುರದಲ್ಲಿ ಭಾರತ ಇನಿಂಗ್ಸ್ ಸೋಲುಂಡಿತು. ರವಿಶಾಸ್ತ್ರಿ, ಮಣಿಂದರ್ ಸಿಂಗ್ ಇಬ್ಬರೂ ಎಡಗೈ ಸ್ಪಿನ್ನರುಗಳೇ ಆಗಿದ್ದ ಕಾಲ. ಭಟ್ಟರು ಮರಳಿ ರಣಜಿಗೆ ಬಂದು ಚೆಂಡು ಹಾಕುತ್ತಲೇ ಇದ್ದರು. ಪ್ರಥಮ ದರ್ಜೆಯಲ್ಲಿ 82 ಪಂದ್ಯಗಳಿಂದ 374 ವಿಕೆಟ್. ಎರಡೇ ಅವಕಾಶ ಸಾಕಾಗಿತ್ತೇ ಎಂದು ಕೇಳಿದರೆ, ಸಾಲದು ಎನ್ನುತ್ತೇವೆ ನಾವು.

ಹೀಗೆ ಕೈಬಿಡಲ್ಪಟ್ಟವರೇ ಮುಂದೆ ರಾಜ್ಯ ತಂಡದ ಆಯ್ಕೆಗಾರರಾದರು. 2022ರ ನವೆಂಬರಿನಲ್ಲಿ ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯ ಅಧ್ಯಕ್ಷರಾಗಿ ಚುನಾಯಿತರಾದರು. ಆ ಸಂಸ್ಥೆಯಲ್ಲಿ ನಮ್ಮದೂ ಒಂದು ವಲಯ, ರಾಯಚೂರು ವಲಯ. ಆದರೂ ಇಲ್ಲಿಂದ ಬೆಂಗಳೂರಿನ ಆಯ್ಕೆ ಮೇಜು ತಲುಪುವುದು ದೂರದ ದಾರಿ. ರಾಯಚೂರಿನ ಯರೇ ಗೌಡರನ್ನೇ ನೋಡಿ: ರೈಲ್ವೇಸ್ ತಂಡದಲ್ಲಿ ನೆಲೆ ಕಂಡು, 2001-02ರಲ್ಲಿ ಅದು ಮೊದಲ ಸಲ ರಣಜಿ ಗೆದ್ದಾಗ ಅಲ್ಲಿದ್ದರು.

ಭಟ್ಟರ ಅಧಿಕಾರಾವಧಿಯ ಮೇಲೆ ಬಿದ್ದ ನೆರಳನ್ನು ಬಿಟ್ಟು ಬರೆದರೆ ಚರಿತ್ರೆಯಾಗದು. 2025ರ ಜೂನ್ 4ರಂದು ಆರ್‌ಸಿಬಿ ವಿಜಯೋತ್ಸವದ ವೇಳೆ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತವಾಗಿ 11 ಮಂದಿ ಸತ್ತರು. ಸಂಸ್ಥೆಯ ಕಾರ್ಯದರ್ಶಿ, ಖಜಾಂಚಿ ನೈತಿಕ ಹೊಣೆ ಹೊತ್ತು ರಾಜೀನಾಮೆ ಕೊಟ್ಟರು, ಅಧ್ಯಕ್ಷರು ಉಳಿದರು. ಅನುಮತಿ ಯಾರದು, ಗೇಟು ಯಾರದು, ಪೊಲೀಸರ ಪಾಲೆಷ್ಟು ಎಂಬ ಜಗ್ಗಾಟ ನ್ಯಾಯಾಲಯ, ವಿಚಾರಣಾ ಆಯೋಗದವರೆಗೆ ಹೋಯಿತು. ಒಬ್ಬರ ತಲೆಗೇ ಎಲ್ಲವನ್ನೂ ಕಟ್ಟುವುದು ನ್ಯಾಯವಲ್ಲ. ಆದರೆ ಆಟ ನೋಡಲು ಹೋದ ಮಕ್ಕಳ ಮನೆಯವರಿಗೆ ಉತ್ತರ ಕೊಡಬೇಕಾದವರ ಸಾಲಿನಲ್ಲಿ ಅಧ್ಯಕ್ಷರ ಕುರ್ಚಿಯೂ ಇತ್ತು.

ಅದೇ ವರ್ಷದ ಸೆಪ್ಟೆಂಬರ್ 28ರಂದು ಭಟ್ಟರು ಭಾರತೀಯ ಕ್ರಿಕೆಟ್ ಮಂಡಳಿಯ ಖಜಾಂಚಿಯಾದರು.