‘ಘಾಟ’ ಶಬ್ದದ ಪ್ರವಾಸ: ಘಾಟಬೋರಾಳದ ಹೆಸರೂ ಇಂಗ್ಲಿಷರ ಭೂವರ್ಣನೆಯೂ

ಇಂಗ್ಲಿಷು ಭಾಷೆಯ ಭೂವರ್ಣನ ಶಬ್ದಗಳೆಲ್ಲ ಇಂಗ್ಲೆಂಡಿನ ನೆಲದಲ್ಲಿ ಹುಟ್ಟಿದುವಲ್ಲವೆಂಬುದು ಸುವಿದಿತ. ನಾರ್ವೆಯಿಂದ ಫ್ಯೋರ್ಡ್, ರಷ್ಯದಿಂದ ಸ್ಟೆಪ್, ಸ್ಪೇನಿನಿಂದ ಸಿಯೆರಾ ಅಲ್ಲಿಗೆ ಬಂದಂತೆ, ನಮ್ಮ ದೇಶದಿಂದ ಜಂಗಲ್, ನಾಲಾ, ದೋಆಬ್, ಘಾಟ ಮುಂತಾದುವು ಹೋಗಿ ಸೇರಿವೆ. ಹೀಗೆ ಹೋದ ಶಬ್ದಗಳು ತಮ್ಮ ಮೂಲಾರ್ಥವನ್ನು ಉಳಿಸಿಕೊಂಡುವೇ, ಮರಳಿ ನಮ್ಮ ಪಠ್ಯಗ್ರಂಥಗಳಿಗೆ ಬಂದಾಗ ಯಾವ ರೂಪದಲ್ಲಿ ಬಂದುವು ಎಂಬುದು ಅಷ್ಟಾಗಿ ವಿಚಾರಕ್ಕೆ ಬಂದಿಲ್ಲ. ಪ್ರಸ್ತುತ ಲೇಖನದಲ್ಲಿ ಮುಖ್ಯವಾಗಿ ‘ಘಾಟ’ ಶಬ್ದವೊಂದನ್ನೇ ತೆಗೆದುಕೊಂಡು, ಬೀದರ ಜಿಲ್ಲೆಯ ಹುಮನಾಬಾದ–ಬಸವಕಲ್ಯಾಣ ಸೀಮೆಯ ಘಾಟಬೋರಾಳವೆಂಬ ಊರ ಹೆಸರಿನ ನೆರವಿನಿಂದ ಅದರ ಚರಿತ್ರೆಯನ್ನು ಪರಿಶೀಲಿಸಲಾಗಿದೆ.

ಪಶ್ಚಿಮ ಘಟ್ಟವೆಂದರೆ ಪರ್ವತಶ್ರೇಣಿ, ಪೂರ್ವ ಘಟ್ಟವೆಂದರೂ ಪರ್ವತಶ್ರೇಣಿ ಎಂದು ಶಾಲೆಯಲ್ಲಿ ಕಲಿತ ವಿದ್ಯಾರ್ಥಿಯು ಘಾಟಬೋರಾಳದ ಹೆಸರನ್ನು ಕೇಳಿದರೆ, ಅಲ್ಲಿ ಯಾವುದೋ ಪರ್ವತವಿರಬೇಕೆಂದು ಊಹಿಸುವುದು ಸಹಜ. ಆದರೆ ಬೀದರ ಜಿಲ್ಲೆಯಲ್ಲಿ ಪರ್ವತವೆಂಬುದೇ ಇಲ್ಲ. ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿ ಹಬ್ಬಿರುವ ಪ್ರಸ್ಥಭೂಮಿ ಇದು. ಮೇಲೆ ಚಪ್ಪಟೆಯಾದ ಬಯಲು, ಅಂಚಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಇಳಿಜಾರು, ಕೆಳಗೆ ಎರೆಮಣ್ಣಿನ ತಗ್ಗು. ಕಾರಂಜಾ ನದಿಯೂ ಚುಳಕಿ ನಾಲೆಯೂ ಮಾಂಜ್ರಾ ನದಿಯ ಮೂಲಕ ಗೋದಾವರಿಯತ್ತ ಸಾಗಿದರೆ, ಬಸವಕಲ್ಯಾಣ ತಾಲೂಕಿನಲ್ಲಿಯೇ ಹುಟ್ಟುವ ಮುಲ್ಲಾಮಾರಿಯು ಭೀಮೆಯ ಕಡೆಗೆ, ಎಂದರೆ ಕೃಷ್ಣೆಯ ಕಡೆಗೆ, ಹರಿಯುತ್ತದೆ. ಎರಡು ಮಹಾನದಿಗಳ ನೀರನ್ನು ಬೇರ್ಪಡಿಸುವ ಈ ದಿಬ್ಬವು ಕಣ್ಣಿಗೆ ಬೆಟ್ಟವಾಗಿ ಕಾಣುವುದೇ ಇಲ್ಲ. ಗಾಡಿಯ ಎತ್ತುಗಳಿಗೆ ಮಾತ್ರ ಏರಾಗಿ ತಿಳಿಯುತ್ತದೆ. ಆದಕಾರಣ ಈ ಊರ ಹೆಸರಿನ ‘ಘಾಟ’ವನ್ನು ಪರ್ವತವಾಚಕವೆಂದು ತಿಳಿಯುವುದು ಅಯುಕ್ತ. ಒಂದೇ ಹೆಸರಿನ ಊರುಗಳಿಗೆ ನೆಲದ ಗುರುತೊಂದನ್ನು ಹಚ್ಚಿ ಬೇರ್ಪಡಿಸುವ ವಾಡಿಕೆ ದಖ್ಖನದಲ್ಲೆಲ್ಲ ಇದೆ. ಏರು-ಇಳಿತದ ದಾರಿಯ ಬಳಿಯ ಬೋರಾಳವೆಂಬ ಅರ್ಥವೇ ಇಲ್ಲಿ ಗ್ರಾಹ್ಯವಾಗಿ ತೋರುತ್ತದೆ.

ಶಬ್ದದ ಮೂಲಾರ್ಥವೂ ಇದನ್ನೇ ಸಮರ್ಥಿಸುತ್ತದೆ. ಸಂಸ್ಕೃತದ ‘ಘಟ್ಟ’ವು ನೀರಿಗೆ ಇಳಿಯುವ ಸೋಪಾನ, ಕಡವು ಎಂಬ ಅರ್ಥಗಳದು. ಕಾಶಿಯ ಘಾಟಗಳೂ ನಮ್ಮ ನದೀತೀರದ ಸ್ನಾನಘಟ್ಟಗಳೂ ಈ ಅರ್ಥದವು. ನೀರಿಗೆ ಇಳಿಯುವ ಮೆಟ್ಟಿಲಿನಿಂದ, ಬೆಟ್ಟವನ್ನು ಇಳಿಯುವ ದಾರಿ ಎಂಬ ಅರ್ಥಕ್ಕೆ ಒಂದೇ ಹೆಜ್ಜೆ. ಕನ್ನಡದಲ್ಲಿ ಈ ಶಬ್ದದೊಡನೆ ಕೂಡಿ ಬರುವ ಕ್ರಿಯಾಪದಗಳನ್ನು ಗಮನಿಸಬೇಕು: ಘಟ್ಟ ಹತ್ತುವುದು, ಘಟ್ಟ ಇಳಿಯುವುದು, ಘಟ್ಟ ದಾಟುವುದು. ಆಗುಂಬೆ, ಹುಲಿಕಲ್ಲು, ಚಾರ್ಮಾಡಿ, ಶಿರಾಡಿ ಎಂದು ನಾವು ಹೆಸರಿಸುವ ಘಾಟಿಗಳೆಲ್ಲವೂ ದಾರಿಗಳು. ಅವುಗಳಲ್ಲಿ ಒಂದೂ ಶಿಖರದ ಹೆಸರಲ್ಲ. ಮಹಾರಾಷ್ಟ್ರದ ಭೋರ್ ಘಾಟ, ಥಳ್ ಘಾಟಗಳ ವಿಷಯವೂ ಹಾಗೆಯೇ. ಇಷ್ಟೇ ಅಲ್ಲದೆ ಕನ್ನಡವು ಈ ಶಬ್ದವನ್ನು ಕಾಲಕ್ಕೂ ಅನ್ವಯಿಸಿಕೊಂಡಿದೆ. ‘ಮಾತುಕತೆ ಈ ಘಟ್ಟಕ್ಕೆ ಬಂದಿತು’ ಎಂದಾಗ ಯಾರ ಮನಸ್ಸಿನಲ್ಲಿಯೂ ಪರ್ವತವಿರುವುದಿಲ್ಲ. ಏರುತ್ತ ಬಂದ ಮೆಟ್ಟಿಲೊಂದು ಇರುತ್ತದೆ. ನಿಘಂಟುಗಳ ಸಾಕ್ಷ್ಯಕ್ಕಿಂತ ಈ ದಿನನಿತ್ಯದ ಮಾತಿನ ಸಾಕ್ಷ್ಯವನ್ನೇ ನಾನು ಹೆಚ್ಚು ನೆಚ್ಚುತ್ತೇನೆ.

ಪರ್ವತಕ್ಕಾದರೋ ಕನ್ನಡದಲ್ಲಿ ಬೇರೆಯೇ ಶಬ್ದವಿತ್ತು. ಹೊಯ್ಸಳರು ಧರಿಸಿದ ‘ಮಲಪರೊಳ್ ಗಂಡ’ ಎಂಬ ಬಿರುದಿನಲ್ಲಿ ಮಲೆಯವರು ಕಾಣಿಸಿಕೊಳ್ಳುತ್ತಾರೆ; ಮಲೆನಾಡೆಂಬ ಹೆಸರು ಇಂದಿಗೂ ಬಳಕೆಯಲ್ಲಿದೆ. ಸಂಸ್ಕೃತದಲ್ಲಿ ಹೇಳುವಾಗ ಸಹ್ಯ, ಸಹ್ಯಾದ್ರಿ. ದಿಣ್ಣೆ, ಮೊರಡಿ, ಗುಡ್ಡ, ಬೆಟ್ಟ, ಮಲೆ ಎಂದು ಎತ್ತರದ ತರತಮಗಳನ್ನು ಹೇಳುವ ಶಬ್ದಗಳು ನಮ್ಮಲ್ಲಿ ಸಾಲುಗಟ್ಟಿ ನಿಂತಿರುವಾಗ, ದಾರಿಯ ಹೆಸರನ್ನು ಪರ್ವತಕ್ಕೆ ಇಡುವ ಅಗತ್ಯ ಕನ್ನಡಿಗರಿಗೆ ಇರಲಿಲ್ಲ.

ಅರ್ಥವು ಪಲ್ಲಟವಾದುದು ಸಮುದ್ರದ ಕಡೆಯಿಂದ ಬಂದವರ ಬಾಯಲ್ಲಿ. 16ನೆಯ ಶತಮಾನದ ಪೋರ್ಚುಗೀಸರು ಕರಾವಳಿಯಲ್ಲಿ ನಿಂತು ಪೂರ್ವಕ್ಕೆ ನೋಡಿದಾಗ ಅವರಿಗೆ ಕಂಡುದು ಉದ್ದಕ್ಕೂ ಎದ್ದು ನಿಂತ ಗೋಡೆ. ಅಲ್ಲಿಯ ಜನ ಘಾಟದ ಮೇಲಿನ ಸೀಮೆ, ಘಾಟದ ಕೆಳಗಿನ ಸೀಮೆ ಎಂದು ಆಡಿಕೊಳ್ಳುವುದನ್ನು ಕೇಳಿ, ಆ ಗೋಡೆಗೇ ಘಾಟವೆಂಬ ಹೆಸರೆಂದು ಅವರು ತಿಳಿದರು. ಇತಿಹಾಸಕಾರ ಜುವಾಂವ್ ದ ಬಾರೊಸನು ಈ ಶಬ್ದಕ್ಕೆ ಪರ್ವತಶ್ರೇಣಿಯೆಂದೇ ಅರ್ಥ ಹೇಳಿದನು. 1563ರಲ್ಲಿ ಗೋವೆಯಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ಗಾರ್ಸಿಯಾ ದ ಓರ್ತನೆಂಬ ವೈದ್ಯನು ‘ಬಾಲಾಘಾಟ’ವನ್ನು ಬಿಡಿಸುತ್ತ, ಬಾಲಾ ಎಂದರೆ ಪಾರಸಿಯಲ್ಲಿ ಮೇಲೆ, ಘಾಟವೆಂದರೆ ಪರ್ವತ ಎಂದು ವಿವರಿಸಿದನು. ಮೊದಲಿನ ಪದದಲ್ಲಿ ಅವನು ಸರಿ, ಎರಡನೆಯದರಲ್ಲಿ ಎಡವಿದನು. ಜೇಮ್ಸ್ ರೆನೆಲನ ಹಿಂದುಸ್ಥಾನದ ನಕ್ಷೆ (1782) ಹೊರಬರುವ ಕಾಲಕ್ಕೆ ಈ ಬಳಕೆ ಇಂಗ್ಲಿಷಿನಲ್ಲಿ ಬೇರೂರಿತ್ತು. ಯೂಲ್ ಮತ್ತು ಬರ್ನೆಲ್ಲರು 1886ರಲ್ಲಿ ಪ್ರಕಟಿಸಿದ ‘ಹಾಬ್ಸನ್-ಜಾಬ್ಸನ್’ ಕೋಶವು ಮೂರು ಅರ್ಥಗಳನ್ನೂ ಬೇರೆ ಬೇರೆಯಾಗಿ ಕೊಟ್ಟು, ಪರ್ವತವೆಂಬ ಅರ್ಥವು ಪರದೇಶಿಗಳ ತಪ್ಪು ಗ್ರಹಿಕೆಯಿಂದ ಬಂದಿರಬೇಕೆಂದು ಪ್ರಾಮಾಣಿಕವಾಗಿಯೇ ಸೂಚಿಸಿದೆ. ಅಷ್ಟು ಹೊತ್ತಿಗೆ ನಕ್ಷೆಗಳನ್ನು ತಿದ್ದುವ ಕಾಲ ಮೀರಿತ್ತು.

ಪೂರ್ವದ ಕಡೆ ನಡೆದುದು ಇದಕ್ಕಿಂತ ವಿಚಿತ್ರ. ಅಲ್ಲಿ ಇರುವುದು ಅಖಂಡವಾದ ಶ್ರೇಣಿಯಲ್ಲ. ಗೋದಾವರಿ, ಕೃಷ್ಣೆ, ಪೆನ್ನಾರುಗಳು ಕಡಿದು ಹರಿದುಹೋಗಿರುವ ಬಿಡಿಬಿಡಿ ಬೆಟ್ಟಗಳು. ನಲ್ಲಮಲ, ಎರ್ರಮಲ, ಶೇಷಾಚಲ, ಜವಾದಿ ಎಂದು ಜನರು ಒಂದೊಂದನ್ನೂ ಬೇರೆಯಾಗಿಯೇ ಹೆಸರಿಸಿದ್ದರು. ಪಶ್ಚಿಮಕ್ಕೆ ಒಂದಿದ್ದರೆ ಪೂರ್ವಕ್ಕೂ ಒಂದಿರಬೇಕೆಂಬ ನಕ್ಷಾಕಾರರ ಸಮತೂಕದ ಆಸೆಯು ಈ ಚದುರಿದ ಗುಂಪಿಗೆ ‘ಪೂರ್ವ ಘಾಟ’ವೆಂಬ ಒಂದೇ ಅಂಗಿಯನ್ನು ತೊಡಿಸಿತು.

ಈ ಶಬ್ದದ ಪಲ್ಲಟವು ಕೇವಲ ಕೋಶಕಾರರ ಕುತೂಹಲಕ್ಕೆ ಸಂಬಂಧಿಸಿದುದಾಗಿದ್ದರೆ ಇಷ್ಟು ವಿಸ್ತರಿಸುವ ಅವಶ್ಯವಿರಲಿಲ್ಲ. ನಮ್ಮ ನಾಡಿನ ಹೆಸರಿನ ಚರಿತ್ರೆಯೂ ಇದಕ್ಕೆ ತಳುಕು ಹಾಕಿಕೊಂಡಿದೆ. 9ನೆಯ ಶತಮಾನದ ಕವಿರಾಜಮಾರ್ಗವು ಕನ್ನಡ ನಾಡಿನ ಎಲ್ಲೆಗಳನ್ನು ಕಾವೇರಿ, ಗೋದಾವರಿ ಎಂಬ ನದಿಗಳಿಂದ ಗುರುತಿಸಿತು. ಆ ಅಳತೆಯಲ್ಲಿ ಕಲ್ಯಾಣದ ಸೀಮೆಯು ನಾಡಿನ ಒಳಗೇ ನಿಲ್ಲುತ್ತದೆ. ವಿಜಯನಗರದ ಅರಸರ ಕಾಲಕ್ಕೆ ಕರ್ನಾಟಕವೆಂಬುದು ಅವರ ಸಾಮ್ರಾಜ್ಯಕ್ಕೇ ಹೆಸರಾಯಿತು. 1565ರ ರಕ್ಕಸ-ತಂಗಡಿ ಯುದ್ಧದ ತರುವಾಯ ರಾಜಧಾನಿಯು ಪೆನುಗೊಂಡೆಗೆ, ಅಲ್ಲಿಂದ ಚಂದ್ರಗಿರಿ, ವೆಲ್ಲೂರುಗಳಿಗೆ ಸರಿದಂತೆ ಹೆಸರೂ ಅದರ ಹಿಂದೆಯೇ ಆಗ್ನೇಯಕ್ಕೆ ಸರಿಯಿತು. ಆ ಪ್ರದೇಶಗಳನ್ನು ಗೆದ್ದ ಬಿಜಾಪುರ, ಗೋಲಕೊಂಡೆಗಳ ಪಾಲುಗಳು ಮೊಗಲರ ಆಡಳಿತದಲ್ಲಿ ‘ಕರ್ನಾಟಕ ಬಿಜಾಪುರಿ’, ‘ಕರ್ನಾಟಕ ಹೈದರಾಬಾದಿ’ ಎನಿಸಿ, ಒಂದೊಂದೂ ಬಾಲಾಘಾಟ, ಪಾಯೀನ್‌ಘಾಟ ಎಂದು, ಎಂದರೆ ಘಾಟದ ಮೇಲಿನ ಮತ್ತು ಕೆಳಗಿನ ಭಾಗಗಳೆಂದು, ಇಬ್ಭಾಗವಾಯಿತು. ಆರ್ಕಾಟಿನ ನವಾಬರ ಸೀಮೆಯು ಪಾಯೀನ್‌ಘಾಟದ್ದು. ಇಂಗ್ಲಿಷರು ಬಾಯಿಗೆ ಸುಲಭವಾಗಲೆಂದು ಬಾಲದ ವಿಶೇಷಣವನ್ನು ಕತ್ತರಿಸಿ, ಉಳಿದುದನ್ನು ‘ಕರ್ನಾಟಿಕ್’ ಎಂದರು. 1746ರಿಂದ 1763ರವರೆಗೆ ನಡೆದ ಕರ್ನಾಟಿಕ್ ಯುದ್ಧಗಳ ಮುಖ್ಯ ರಣರಂಗವು ತಮಿಳು ಬಯಲಾಗಿರುವುದರ ರಹಸ್ಯವಿದು. ಕಾಲೇಜಿನ ತರಗತಿಗಳಲ್ಲಿ ಪ್ರತಿವರ್ಷವೂ ಹುಟ್ಟುವ ಗೊಂದಲಕ್ಕೂ ಇದೇ ಮೂಲ. ಘಟ್ಟದ ಮೇಲಿನ ಕನ್ನಡಿಗರು ಮೈಸೂರು, ಮುಂಬಯಿ, ಹೈದರಾಬಾದು, ಮದರಾಸು, ಕೊಡಗು ಎಂಬ ಆಡಳಿತಗಳಲ್ಲಿ ಹಂಚಿಹೋದರು. 1956ರಲ್ಲಿ ಏಕೀಕರಣವಾದರೂ ನಾಡಿನ ಹೆಸರು ರಾಜ್ಯಕ್ಕೆ ಮರಳಿದುದು 1973ರ ನವೆಂಬರ್ 1ರಂದು.

ಇನ್ನು ಶಬ್ದರೂಪದ ವಿಷಯ. ಘಾಟಬೋರಾಳದಲ್ಲಿರುವುದು ‘ಘಟ್ಟ’ವಲ್ಲ, ‘ಘಾಟ’. ಪ್ರಾಕೃತದ ದ್ವಿತ್ವವು ಒಂಟಿಯಾಗಿ ಹಿಂದಿನ ಸ್ವರವು ದೀರ್ಘವಾಗುವುದು ಮರಾಠಿ, ಹಿಂದಿ ಮುಂತಾದ ಭಾಷೆಗಳ ಸಾಮಾನ್ಯ ನಿಯಮ: ಹತ್ಥವು ಹಾತ್ ಆದಂತೆ ಘಟ್ಟವು ಘಾಟ್ ಆಯಿತು. ಕನ್ನಡವು ದ್ವಿತ್ವವನ್ನು ಹಾಗೆಯೇ ಉಳಿಸಿಕೊಂಡಿತು. ಎಂದಮೇಲೆ ಇಂಗ್ಲಿಷಿಗೆ ಹೋದ ರೂಪವು ಆಗುಂಬೆಯ ಕನ್ನಡಿಗನ ‘ಘಟ್ಟ’ವಲ್ಲ, ಘಾಟಬೋರಾಳದ ಹೆಸರಿನಲ್ಲಿರುವ ದೀರ್ಘರೂಪವೇ ಅದು. ಮರಾಠಿ, ದಖ್ಖನಿ, ಕನ್ನಡಗಳು ಒಂದೇ ಸಂತೆಯಲ್ಲಿ ಕೇಳಿಸುವ ಈ ಸೀಮೆಯಲ್ಲಿ ಆ ರೂಪವಿರುವುದು ಆಶ್ಚರ್ಯವಲ್ಲ. ಬಾಲಾಘಾಟವೆಂದು ಇಂದು ಕರೆಯಲ್ಪಡುವ ಶ್ರೇಣಿಯ ಕವಲೊಂದು ಉಸ್ಮಾನಾಬಾದಿನ ಕಡೆಯಿಂದ ಕಲಬುರಗಿಯತ್ತ ಚಾಚಿರುವುದನ್ನೂ ಇಲ್ಲಿ ನೆನೆಯಬಹುದು. ಆದರೆ ಇಂಗ್ಲಿಷಿನಲ್ಲಿ ಪರ್ವತವಾಗಿ ಮಾರ್ಪಟ್ಟ ಶಬ್ದವನ್ನು ನಮ್ಮ ಪಠ್ಯಕಾರರು ಮರಳಿ ತಂದಾಗ ಅದಕ್ಕೆ ಹಳೆಯ ದ್ವಿತ್ವವನ್ನು ತೊಡಿಸಿ ‘ಪಶ್ಚಿಮ ಘಟ್ಟ’ವೆಂದರು. ವೇಷವು ಕನ್ನಡದ್ದೇ ಆದುದರಿಂದ, ಒಳಗಿನ ಅರ್ಥವು ಹೊರಗಿನದೆಂಬುದು ಯಾರಿಗೂ ಹೊಳೆಯಲಿಲ್ಲ.

ನೆಲದ ಬೇರೆ ಶಬ್ದಗಳಲ್ಲಿಯೂ ಇಂಥ ಹೋಗುಬರವು ಕಾಣುತ್ತದೆ. ಬೀದರದ ಕೋಟೆಯು ನಿಂತಿರುವ ಕೆಂಪು ಕಲ್ಲನ್ನು ಭೂವಿಜ್ಞಾನವು ಲ್ಯಾಟರೈಟ್ ಎನ್ನುತ್ತದೆ. ಫ್ರಾನ್ಸಿಸ್ ಬುಕಾನನ್ 1800–01ರಲ್ಲಿ ಮೈಸೂರು, ಕೆನರಾ, ಮಲಬಾರುಗಳಲ್ಲಿ ಸಂಚರಿಸಿದಾಗ, ಮಲಬಾರಿನ ಅಂಗಾಡಿಪುರದಲ್ಲಿ, ನೆಲದಲ್ಲಿ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುವ ಈ ಕಲ್ಲನ್ನು ಇಟ್ಟಿಗೆಯಂತೆ ಕಡಿಯುವುದನ್ನು ಕಂಡನು. ಇದನ್ನು ದೇಶಭಾಷೆಗಳಲ್ಲಿ ‘ಇಟ್ಟಿಗೆಕಲ್ಲು’ ಎನ್ನುವರೆಂದು ತನ್ನ 1807ರ ಗ್ರಂಥದಲ್ಲಿ ಅವನೇ ಬರೆದು, ಇಟ್ಟಿಗೆಯ ಲ್ಯಾಟಿನ್ ಶಬ್ದದಿಂದ ಹೊಸ ಹೆಸರನ್ನು ರಚಿಸಿದನು. ನಮ್ಮ ಕೂಲಿಕಾರರ ಮಾತೇ ಲ್ಯಾಟಿನಿನ ಪೋಷಾಕಿನಲ್ಲಿ ಜಗತ್ತನ್ನು ಸುತ್ತಿತು! ಕನ್ನಡದ ಮುರಕಲ್ಲು, ಜಂಬಿಟ್ಟಿಗೆಗಳು ಆ ಕೀರ್ತಿಯಲ್ಲಿ ಪಾಲು ಪಡೆಯಲಿಲ್ಲ. ಈ ಕಲ್ಲಿನ ಹೊದಿಕೆಯೊಳಗಿಂದ ಜಿನುಗಿದ ಮಳೆನೀರು ಕೆಳಗಿನ ಕಪ್ಪುಶಿಲೆಯ ಮೇಲೆ ತಂಗುವುದನ್ನು ಅರಿತೇ ಬಹಮನಿಗಳ ಕಾಲದ ಬೀದರದಲ್ಲಿ ಕರೇಜುಗಳೆಂಬ ಸುರಂಗ ಕಾಲುವೆಗಳನ್ನು ತೋಡಲಾಯಿತು. ಹೆಸರೂ ವಿದ್ಯೆಯೂ ಇರಾನದವು. ಕೆಳಗಿನ ಆ ಶಿಲೆಯ ಹೆಸರಾದ ‘ಡೆಕ್ಕನ್ ಟ್ರ್ಯಾಪ್’ನಲ್ಲಿ ಮೊದಲ ಪದವು ದಕ್ಷಿಣದ ಪ್ರಾಕೃತ ರೂಪ, ಎರಡನೆಯದು ಮೆಟ್ಟಿಲೆಂಬ ಅರ್ಥದ ಸ್ವೀಡಿಷ್ ಶಬ್ದ. ಸ್ವೀಡನ್ನಿನವರು ಮೆಟ್ಟಿಲೆಂದ ಆಕಾರವನ್ನೇ ಇಲ್ಲಿಯವರು ಘಾಟವೆಂದಿದ್ದರು.

ಈ ಸೀಮೆಯ ವಿದ್ಯಾರ್ಥಿಗಳ ಪಾಡು ಮೈಸೂರು, ಧಾರವಾಡಗಳಲ್ಲಿದ್ದವರಿಗಿಂತ ಭಿನ್ನವಾಗಿದ್ದಿತೆಂಬುದನ್ನೂ ಹೇಳಬೇಕು. ನಿಜಾಮರ ಆಡಳಿತವು 1917ರಲ್ಲಿ ಭಾಷಾಂತರ ಸಂಸ್ಥೆಯನ್ನು ಸ್ಥಾಪಿಸಿತು. ಮರುವರ್ಷ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯವು ಉರ್ದುವನ್ನು ಉನ್ನತ ಶಿಕ್ಷಣದ ಮಾಧ್ಯಮವಾಗಿ ಮಾಡಿಕೊಂಡಿತು. ಹೀಗಾಗಿ ಇಂಗ್ಲಿಷಿನ ಭೂವರ್ಣನೆಯು ಬೀದರಕ್ಕೆ ಬಂದುದು ಉರ್ದುವಿನ ಬಾಗಿಲಿನಿಂದ. ಲ್ಯಾಟಿನಿನಲ್ಲಿ ‘ಹೆಚ್ಚುಕಡಿಮೆ ದ್ವೀಪ’ವೆಂಬ ಅರ್ಥದ ಪೆನಿನ್ಸುಲಾ ಉರ್ದುವಿನಲ್ಲಿ ‘ಜಜೀರಾನುಮಾ’ ಆಯಿತು, ಕನ್ನಡದಲ್ಲಿ ‘ಪರ್ಯಾಯದ್ವೀಪ’. ಪ್ರಸ್ಥಭೂಮಿಯು ‘ಸತಹೆ ಮುರ್ತಫಾ’, ಜಲಸಂಧಿಯು ‘ಆಬನಾಯೆ’, ಭೂಸಂಧಿಯು ‘ಖಾಕನಾಯೆ’. ಉರ್ದು ಪಾರಿಭಾಷಿಕಗಳು ಅರಬ್ಬಿ-ಪಾರಸಿಗಳತ್ತ ಮುಖ ಮಾಡಿದರೆ ಕನ್ನಡದವು ಸಂಸ್ಕೃತದತ್ತ ಮಾಡಿದುವು. ಎರಡೂ ಪಂಡಿತರ ಮೇಜಿನ ಮೇಲೆ ಸಿದ್ಧವಾದ ಶಬ್ದಗಳು, ಮತ್ತು ಎರಡರಲ್ಲಿಯೂ ಚಾತುರ್ಯಕ್ಕೆ ಕೊರತೆಯಿಲ್ಲ. 1948ರಲ್ಲಿ ಹೈದರಾಬಾದು ಭಾರತದಲ್ಲಿ ವಿಲೀನವಾಗಿ, 1956ರಲ್ಲಿ ಬೀದರವು ಮೈಸೂರು ರಾಜ್ಯಕ್ಕೆ ಸೇರಿದಾಗ, ಖಾಕನಾಯೆಯನ್ನು ಕಲಿತಿದ್ದ ತಂದೆಯ ಮಗನು ಭೂಸಂಧಿಯನ್ನು ಕಲಿಯತೊಡಗಿದನು. ತಾವು ಎಂದೂ ಕಾಣದ ಭೂಸಂಧಿಗೆ ತಂದೆಮಕ್ಕಳು ಎರಡು ಹೆಸರು ಪಡೆದರು. ಹೊಲದ ಎರೆ, ಮರಡಿ, ಹಳ್ಳಗಳನ್ನು ಮಾತ್ರ ಹಳೆಯ ಹೆಸರಿನಿಂದಲೇ ಕರೆಯುತ್ತ ಹೋದರು.

ನಕ್ಷೆಗಳಿಗೂ ಈ ಸೀಮೆಗೂ ಇರುವ ನಂಟು ಸಣ್ಣದಲ್ಲ. ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದರಾಸಿನಲ್ಲಿ ತೊಡಗಿದ ತ್ರಿಕೋಣಮಾಪನವು ಉತ್ತರಕ್ಕೆ ಸಾಗುತ್ತ 1815ರಲ್ಲಿ ಬೀದರದ ಸಮೀಪದ ದಾಮರಗಿದ್ದವನ್ನು ಮುಟ್ಟಿತು. ಅವನ ಉತ್ತರಾಧಿಕಾರಿ ಎವರೆಸ್ಟನು 1830ರಲ್ಲಿ ಪ್ರಕಟಿಸಿದ ಗ್ರಂಥದ ಮಾಪನವು ಆರಂಭವಾಗುವ 18 ಅಂಶ 3 ಕಲೆಯ ಅಕ್ಷಾಂಶವು ಇದೇ ಸ್ಥಳದ್ದು. ಲ್ಯಾಂಬ್ಟನ್ 1823ರಲ್ಲಿ ತೀರಿಕೊಂಡುದು ಹಿಂಗಣಘಾಟದಲ್ಲಿ. ವೇಣಾ ನದಿಯ ದಡದ ಆ ಊರಿನ ಹತ್ತಿರ ಸಹ್ಯಾದ್ರಿಯಂಥ ಗೋಡೆಯಾವುದೂ ಇಲ್ಲ. ಅದರ ಹೆಸರಿನ ಘಾಟವನ್ನು ಹೊಳೆಗೆ ಇಳಿಯುವ ದಾರಿಯೆಂದು ಓದುವುದೇ ನ್ಯಾಯ.