ಪಿಟೀಲು ಮಾಡುತ್ತಿದ್ದ ವಕೀಲನ ಊರು

'ಬೆನ್-ಹರ್' ಸಿನಿಮಾದ ರಥದ ಓಟ ನೋಡಿದವರು ನಮ್ಮಲ್ಲೂ ಬಹಳ ಮಂದಿ ಇದ್ದಾರೆ. 1959ರ ಆ ಚಿತ್ರಕ್ಕೆ 11 ಆಸ್ಕರ್ ಬಂತು. ಅದರ ಮೂಲ ಕಾದಂಬರಿ ಬರೆದ ಲ್ಯೂ ವಾಲೇಸ್ ಪಾದ್ರಿಯೂ ಅಲ್ಲ, ಪಂಡಿತನೂ ಅಲ್ಲ. ಅಮೆರಿಕದ ಇಂಡಿಯಾನಾ ರಾಜ್ಯದಲ್ಲಿ, ಕ್ರಾಫರ್ಡ್ಸ್‌ವಿಲ್ ಎಂಬ ಚಿಕ್ಕ ಊರಿನ ವಕೀಲ.

ಊರು ಮಾಂಟ್ಗೊಮರಿ ಕೌಂಟಿಯ ಮುಖ್ಯಸ್ಥಳ. ಪಕ್ಕದಲ್ಲಿ ಶುಗರ್ ಕ್ರೀಕ್ ಎಂಬ ಹೊಳೆ, ಊರೊಳಗೆ 1832ರ ವಾಬಾಶ್ ಕಾಲೇಜು. ಓದು-ಬರಹದವರು ಹೆಚ್ಚಿದ್ದುದರಿಂದ 'ಇಂಡಿಯಾನಾದ ಅಥೆನ್ಸ್' ಎಂಬ ಬಿರುದೂ ಅಂಟಿಕೊಂಡಿತು. ನನಗೆ ಅದಕ್ಕಿಂತ ಕುತೂಹಲ ಅಲ್ಲಿನ ಜೈಲಿನ ಮೇಲೆ. 1882ರಲ್ಲಿ ತೆರೆದ ಅದು ತಿರುಗುವ ಜೈಲು! ಹೋಳು ಮಾಡಿದ ಹಣ್ಣಿನಂತೆ ಕೋಣೆಗಳು, ಬಾಗಿಲು ಒಂದೇ. ಕಾವಲುಗಾರ ಹಿಡಿ ತಿರುವಿದರೆ ಬೇಕಾದ ಕೈದಿಯ ಕೋಣೆ ಬಾಗಿಲಿಗೆ ಬಂದು ನಿಲ್ಲುತ್ತಿತ್ತು. ತಿರುಗುವಾಗ ಕಂಬಿಯಾಚೆ ಕೈಕಾಲು ಚಾಚಿದವನ ಗತಿ ಹೇಳಬೇಕಾಗಿಲ್ಲ. ಈಗ ಅದು ಮ್ಯೂಸಿಯಂ.

ವಾಲೇಸ್ ಹುಟ್ಟಿದ್ದು 1827ರಲ್ಲಿ, ಅದೇ ರಾಜ್ಯದ ಬ್ರೂಕ್‌ವಿಲ್‌ನಲ್ಲಿ. ಮೆಕ್ಸಿಕೋ ಯುದ್ಧಕ್ಕೆ ಹೋಗಿಬಂದು, ವಕೀಲನಾಗಿ, 1853ರಲ್ಲಿ ಈ ಊರಿಗೆ ಬಂದು ನೆಲೆಸಿದ. ಹೆಂಡತಿ ಸೂಸನ್ ಇಲ್ಲಿನ ಸಿರಿವಂತ ಎಲ್‌ಸ್ಟನ್ ಮನೆತನದವಳು, ಸ್ವತಃ ಲೇಖಕಿ. ವಕೀಲಿಕೆ ಆತನಿಗೆ ಅನ್ನ ಕೊಟ್ಟಿತು, ಖುಷಿ ಕೊಡಲಿಲ್ಲ.

1861ರಲ್ಲಿ ಅಂತರ್ಯುದ್ಧ ಶುರುವಾದಾಗ ಮತ್ತೆ ಸಮವಸ್ತ್ರ ತೊಟ್ಟ. 34ನೇ ವಯಸ್ಸಿಗೇ ಮೇಜರ್ ಜನರಲ್. ಆದರೆ 1862ರ ಏಪ್ರಿಲ್‌ನಲ್ಲಿ ಶೈಲೋ ಕದನದ ಮೊದಲ ದಿನ, ಮೇಲಿನ ದಂಡನಾಯಕ ಗ್ರಾಂಟ್ ಕಳಿಸಿದ ಆದೇಶ ಗೊಂದಲವಾಗಿ, ಆತನ ಪಡೆ ಹಿಡಿದ ದಾರಿಯೇ ಬೇರೆಯಾಯಿತು. ಮತ್ತೆ ತಿರುಗಿ ನಡೆದು ಬರುವಷ್ಟರಲ್ಲಿ ಕತ್ತಲಾಗಿ ಅಂದಿನ ಹೋರಾಟ ಮುಗಿದಿತ್ತು. 'ತಡವಾಗಿ ಬಂದವನು' ಎಂಬ ಅಪವಾದ ಬೆನ್ನು ಬಿಡಲಿಲ್ಲ. 1864ರಲ್ಲಿ ಮೊನಾಕಸಿಯಲ್ಲಿ ರಾಜಧಾನಿ ವಾಷಿಂಗ್ಟನ್ನಿನತ್ತ ಹೊರಟಿದ್ದ, ತನ್ನದಕ್ಕಿಂತ ಎರಡು ಪಟ್ಟು ದೊಡ್ಡ ಶತ್ರುಸೈನ್ಯವನ್ನು ಒಂದು ದಿನ ತಡೆದು ಸೋತ. ಆ ಒಂದು ದಿನದಲ್ಲಿ ವಾಷಿಂಗ್ಟನ್ ಉಳಿಯಿತು. ಆದರೂ ಶೈಲೋದ ಮುಳ್ಳು ಕಡೆತನಕ ಚುಚ್ಚುತ್ತಲೇ ಇತ್ತು. ಕೊನೆಗೆ ಗ್ರಾಂಟನೇ ತನ್ನ ಆತ್ಮಕಥೆಯ ಅಡಿಟಿಪ್ಪಣಿಯಲ್ಲಿ ಆರೋಪವನ್ನು ಸಡಿಲಿಸಿದ. ಅಡಿಟಿಪ್ಪಣಿಯನ್ನು ಎಷ್ಟು ಜನ ಓದುತ್ತಾರೆ, ಹೇಳಿ?

ಯುದ್ಧದ ನಂತರ ಊರಿಗೆ ಮರಳಿ, ಹಗಲು ಕೋರ್ಟು, ಬಿಡುವಿನಲ್ಲಿ ಮನೆಯಂಗಳದ ಬೀಚ್ ಮರದ ಕೆಳಗೆ ಬರವಣಿಗೆ. ನ್ಯೂ ಮೆಕ್ಸಿಕೋದ ಗವರ್ನರ್ ಆಗಿ ಹೋದಾಗಲೂ ಹಸ್ತಪ್ರತಿ ಜೊತೆಗಿತ್ತು. 1880ರಲ್ಲಿ 'ಬೆನ್-ಹರ್' ಹೊರಬಂದು ದುಡ್ಡು ತಂದಿತು. ಆ ದುಡ್ಡಿನಲ್ಲಿ ಆತ ಕಟ್ಟಿಸಿದ್ದು ಅರಮನೆಯಲ್ಲ, ಒಂದು ಓದುಕೋಣೆ.

ನಕ್ಷೆ ತನ್ನದೇ. 1895ರಿಂದ ಮೂರು ವರ್ಷ ಕೆಲಸ ನಡೆಯಿತು. ಕೆಂಪು ಇಟ್ಟಿಗೆ, 40 ಅಡಿಯ ಗೋಪುರ, ಗೋಡೆಯ ಅಂಚಿನಲ್ಲಿ ತನ್ನ ಕಾದಂಬರಿಯ ಪಾತ್ರಗಳ ಕಲ್ಲಿನ ಮುಖಗಳು. ನೆತ್ತಿಯ ಗಾಜಿನಿಂದ ಬೆಳಕು ನೇರವಾಗಿ ಒಳಗೆ ಇಳಿಯುತ್ತದೆ. ಗ್ರೀಕ್, ಬೈಜಾಂಟಿಯಂ, ರೋಮನೆಸ್ಕ್ ಎಲ್ಲ ಸೇರಿದ ಕಲಸುಮೇಲೋಗರ, ಆದರೂ ಚೆಂದ. ಸುತ್ತ ನೀರಿನ ಕಂದಕ ತೋಡಿಸಿ, ಮೀನು ಬಿಟ್ಟು, ಹಿಂದಿನ ಜಗಲಿಯಲ್ಲೇ ಕೂತು ಗಾಳ ಹಾಕುತ್ತಿದ್ದ. ನೀರು ಅಡಿಪಾಯಕ್ಕೆ ಇಳಿಯತೊಡಗಿದಾಗ, ಓಣಿಯ ಮಕ್ಕಳು ಬಿದ್ದಾರೆಂಬ ಭಯವೂ ಸೇರಿ, ಮುಚ್ಚಿಸಿಬಿಟ್ಟ. ಒಳಗೆ ಪಿಟೀಲು ಮಾಡುವುದು, ಚಿತ್ರ ಬರೆಯುವುದು, ಏನಾದರೊಂದು ಹೊಸದಾಗಿ ಜೋಡಿಸುವುದು. ಗಾಳದ ಕೋಲಿಗೆ ಪೇಟೆಂಟ್ ಕೂಡ ಪಡೆದ. ಎಲ್ಲಕ್ಕೂ ಕೈಹಾಕುವವರನ್ನು ನಾವು ಲಘುವಾಗಿ ಕಾಣುತ್ತೇವೆ. ಈ ಮನುಷ್ಯ ಅದಕ್ಕೆಂದೇ ಒಂದು ಕಟ್ಟಡ ಕಟ್ಟಿಸಿಕೊಂಡ.

1905ರಲ್ಲಿ ಊರಿನಲ್ಲೇ ತೀರಿಕೊಂಡ; ಓಕ್ ಹಿಲ್ ಸ್ಮಶಾನದಲ್ಲಿ ಸಮಾಧಿಯಿದೆ. ಓದುಕೋಣೆ ಇವತ್ತು ಊರಿನ ಆಸ್ತಿ, ಮ್ಯೂಸಿಯಂ. ವಾಷಿಂಗ್ಟನ್ನಿನ ಕ್ಯಾಪಿಟಲ್ ಭವನದಲ್ಲಿ ಇಂಡಿಯಾನಾ ರಾಜ್ಯ ನಿಲ್ಲಿಸಿದ ಆತನ ಅಮೃತಶಿಲೆಯ ಪ್ರತಿಮೆಯೂ ಇದೆ. ಅಲ್ಲಿ ಆತ ಸೈನಿಕನ ಉಡುಪಿನಲ್ಲಿ ನಿಂತಿದ್ದಾನೆ.