ಪಿಕ್ಸೆಲ್ ಆಟದ ಮುಖಚಿತ್ರ: ಒರೆಗಲ್ಲುಗಳು ಬೆಳೆದು ಬಂದ ಬಗೆ

ಸ್ಟೀಮ್, ಗೂಗಲ್ ಪ್ಲೇ ಮೊದಲಾದ ಡಿಜಿಟಲ್ ಅಂಗಡಿಗಳಲ್ಲಿ ವಿಡಿಯೊ ಆಟವೊಂದರ ಗುರುತಾಗಿ ನಿಲ್ಲುವ, ಅದರ ಹೆಸರನ್ನೂ ಹೊತ್ತಿರುವ ಪುಟ್ಟ ಚಿತ್ರವನ್ನು ಉದ್ಯಮದವರು ಕ್ಯಾಪ್ಸೂಲ್ ಎನ್ನುತ್ತಾರೆ. ಇಲ್ಲಿ ಅದನ್ನು ಮುಖಚಿತ್ರವೆಂದು ಕರೆಯಲಾಗಿದೆ. ದೊಡ್ಡ ಪ್ರಕಾಶಕರ ಬಂಡವಾಳವಿಲ್ಲದೆ ಒಬ್ಬಿಬ್ಬರು ಅಥವಾ ಸಣ್ಣ ತಂಡ ಕಟ್ಟುವ ಆಟಕ್ಕೆ ಇಂಡೀ ಎಂಬ ಹೆಸರಿದೆ. ಅಂಥ ಆಟ 1980-90ರ ದಶಕಗಳ ಯಂತ್ರಗಳಂತೆ ಎಣಿಸಬಹುದಾದಷ್ಟು ದಪ್ಪ ಚುಕ್ಕೆಗಳಲ್ಲಿ, ಎಂದರೆ ಪಿಕ್ಸೆಲ್‌ಗಳಲ್ಲಿ, ಚಿತ್ರಗಳನ್ನು ಮೂಡಿಸಿದರೆ ಅದನ್ನು ರೆಟ್ರೊ ಶೈಲಿಯದೆನ್ನುತ್ತಾರೆ. ಇಂಥ ಆಟದ ಮುಖಚಿತ್ರ ಒಳ್ಳೆಯದೋ ಅಲ್ಲವೋ ಎಂಬುದನ್ನು ಯಾವ ಅಳತೆಯಿಂದ ತೀರ್ಮಾನಿಸಬೇಕೆಂಬ ಪ್ರಶ್ನೆಗೆ ಕಾಲಕಾಲಕ್ಕೆ ಬೇರೆ ಬೇರೆ ಉತ್ತರಗಳು ಬಂದಿವೆ. ಇಂದು ಚಾಲ್ತಿಯಲ್ಲಿರುವ ಉತ್ತರ ಅವುಗಳಲ್ಲೆಲ್ಲ ಅತ್ಯಂತ ಇಕ್ಕಟ್ಟಾದದ್ದು.

ಸರಕಿನ ಮೇಲಿನ ಚಿತ್ರವನ್ನು ಒರೆಗೆ ಹಚ್ಚುವ ಪದ್ಧತಿ ಆಟಗಳಿಗಿಂತ ನೂರು ವರ್ಷ ಹಳೆಯದು. ಚೆನ್ನೈನ ಪೆರಂಬೂರಿನಲ್ಲಿ 1870ರ ದಶಕದ ಕೊನೆಯಲ್ಲಿ ಬಕಿಂಗ್‌ಹ್ಯಾಮ್ ಮಿಲ್ಲೂ 1880ರ ದಶಕದ ಆರಂಭದಲ್ಲಿ ಕರ್ನಾಟಿಕ್ ಮಿಲ್ಲೂ ಶುರುವಾದಾಗ ಅವು ಎದುರಿಸಬೇಕಾಗಿದ್ದುದು ಮ್ಯಾಂಚೆಸ್ಟರಿನ ಬಟ್ಟೆಯನ್ನು. ಆ ಬಟ್ಟೆಯ ಥಾನಿನ ಹೊರಮಡಿಕೆಗೆ ದೇವರು, ಆನೆ, ಹುಲಿ, ರಾಜರಾಣಿಯರ ಬಣ್ಣದ ಚೀಟಿಯನ್ನು ಅಂಟಿಸುತ್ತಿದ್ದರು. ಗಿರಾಕಿಗೆ ಕಂಪನಿಯ ಹೆಸರು ಬೇಕಿರಲಿಲ್ಲ, ಆನೆ ಮಾರ್ಕು ಎಂದರೆ ಸಾಕಿತ್ತು. ಈ ಚೀಟಿಗಳ ಮೌಲ್ಯಮಾಪನ ನ್ಯಾಯಾಲಯದವರೆಗೂ ಹೋಯಿತು. ಆರ್-ಯೂಯಿಂಗ್ ಕಂಪನಿಯ ಕೆಂಪು ನೂಲಿನ ಚೀಟಿಯಲ್ಲಿ ಎರಡು ಆನೆಗಳಿದ್ದವು. ಜಾನ್‌ಸ್ಟನ್ ಕಂಪನಿಯೂ ಎರಡು ಆನೆಗಳಿರುವ ಚೀಟಿ ಹಚ್ಚಿತು. ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಎರಡೂ ಬೇರೆಯೆಂದು ಕಾಣುತ್ತಿದ್ದರೂ, ಭಾರತ ಮತ್ತು ಏಡನ್ನಿನ ಕೊಳ್ಳುವವರು ಸರಕನ್ನು ಎರಡಾನೆಯ ಹೆಸರಿನಿಂದಲೇ ಗುರುತಿಸುತ್ತಾರಾದ್ದರಿಂದ ಅವರು ಮೋಸಹೋಗುತ್ತಾರೆಂದು 1882ರಲ್ಲಿ ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ ತೀರ್ಪಿತ್ತಿತು. ಚಿತ್ರವನ್ನು ಅದರ ಸೂಕ್ಷ್ಮಗಳಿಂದ ಅಳೆಯದೆ, ನೋಡಿಹೋದವನ ನೆನಪಿನಲ್ಲಿ ಉಳಿಯುವ ಒಂದೆರಡು ಆಕಾರಗಳಿಂದ ಅಳೆಯಬೇಕೆಂಬ ಈ ತತ್ತ್ವ ಇಂದಿನ ಯಾವ ಕೈಪಿಡಿಗಿಂತಲೂ ಸ್ಪಷ್ಟವಾಗಿದೆ. ಇಂಥ ಚೀಟಿಗಳನ್ನು ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ಮ್ಯಾಪ್ ಸಂಗ್ರಹಾಲಯ ಕಲೆಯೆಂದೇ ಕೂಡಿಟ್ಟಿದೆ.

ಅದೇ ಚೆನ್ನೈನಿಂದ, ಎಂದರೆ ಆಗಿನ ಮದ್ರಾಸಿನಿಂದ, 1947ರಲ್ಲಿ ತೆಲುಗು, ತಮಿಳುಗಳಲ್ಲಿ ಹೊರಟು ಮುಂದೆ ಕನ್ನಡಕ್ಕೂ ಬಂದ ಮಕ್ಕಳ ಪತ್ರಿಕೆ ಚಂದಮಾಮದ ಮುಖಪುಟಗಳು, ಅವುಗಳನ್ನು ಬರೆದವರಲ್ಲೊಬ್ಬರಾದ ಕನ್ನಡಿಗ ಎಂ. ಟಿ. ವಿ. ಆಚಾರ್ಯರ ಕೆಲಸವೂ ಸೇರಿ, ಚಿತ್ರವೊಂದೇ ಇದ್ದು ತಲೆಬರಹದ ಲಿಪಿ ಮಾತ್ರ ಬದಲಾದರೂ ಹಲವು ಭಾಷೆಗಳ ಓದುಗರನ್ನು ಸೆಳೆಯಬಹುದೆಂಬುದನ್ನು ತೋರಿಸಿದವು. ಈ ಅನುಭವವನ್ನು ಆಟದ ಉದ್ಯಮ ತನ್ನಷ್ಟಕ್ಕೆ ಮತ್ತೆ ಮೊದಲಿನಿಂದ ಕಲಿಯಬೇಕಾಯಿತು.

ಆಟಗಳ ಮುಖಚಿತ್ರದ ಇತಿಹಾಸ 1977ರಲ್ಲಿ ಬಂದ ಅಟಾರಿ ಕಂಪನಿಯ ಆಟದ ಯಂತ್ರದಿಂದ ಮೊದಲಾಗುತ್ತದೆನ್ನಬಹುದು. ಆ ಯಂತ್ರದ ಪರದೆಯ ಮೇಲೆ ಟ್ಯಾಂಕ್ ಎಂದರೆ ನಾಲ್ಕಾರು ಚೌಕಗಳ ಗುಂಪು. ಡಬ್ಬಿಯ ಮೇಲಾದರೋ ಕ್ಲಿಫ್ ಸ್ಪಾನ್ ಮೊದಲಾದ ಕಲಾವಿದರು ಹೊಗೆ, ಬೆಂಕಿ, ಮುಖಭಾವಗಳನ್ನೆಲ್ಲ ಹೆಣೆದು ಸಿನಿಮಾ ಪೋಸ್ಟರಿನಂಥ ವರ್ಣಚಿತ್ರ ಬರೆಯುತ್ತಿದ್ದರು. ಯಂತ್ರ ಕೊಡಲಾಗದ್ದನ್ನು ಡಬ್ಬಿ ಕೊಡುತ್ತಿತ್ತು, ಉಳಿದದ್ದನ್ನು ಆಡುವವರ ಕಲ್ಪನೆ ತುಂಬಿಕೊಳ್ಳುತ್ತಿತ್ತು. ಆದರೆ 1983ರಲ್ಲಿ ಅಮೆರಿಕದ ಆಟದ ಮಾರುಕಟ್ಟೆ ಕುಸಿದು ಗಿರಾಕಿಗಳ ನಂಬಿಕೆ ಹೋದ ಮೇಲೆ, 1985ರಲ್ಲಿ ಅಲ್ಲಿಗೆ ತನ್ನ ಮನೆಯಾಟದ ಯಂತ್ರವನ್ನು ತಂದ ನಿಂಟೆಂಡೊ ಕಂಪನಿ ಅದರ ಮೊದಲ ಆಟಗಳ ಕಪ್ಪು ಡಬ್ಬಿಗಳ ಮೇಲೆ ಆಟದೊಳಗಿನ ಪಿಕ್ಸೆಲ್ ಗೊಂಬೆಯನ್ನೇ ಹಿಗ್ಗಿಸಿ ಅಚ್ಚು ಹಾಕಿತು. ಕೊಳ್ಳುವವರಿಗೆ ಸಿಗುವುದೇನೆಂದು ಡಬ್ಬಿಯೇ ಹೇಳಿಬಿಡುತ್ತಿದ್ದುದರಿಂದ ಪ್ರಾಮಾಣಿಕತೆಯೇ ಒಂದು ಶೈಲಿಯಾಯಿತು. 1987ರ ಮೆಗಾ ಮ್ಯಾನ್ ಆಟದ ಅಮೆರಿಕದ ಡಬ್ಬಿ ಇದಕ್ಕೆ ತದ್ವಿರುದ್ಧ: ಆಟದಲ್ಲಿ ನಾಯಕನ ತೋಳೇ ಫಿರಂಗಿಯಾಗಿರುವಾಗ, ಮುಖಚಿತ್ರದಲ್ಲಿ ನಡುವಯಸ್ಸಿನ ಗಂಡಸೊಬ್ಬ ಪಿಸ್ತೂಲು ಹಿಡಿದು ನಿಂತಿದ್ದಾನೆ. ಆಟವನ್ನು ಅರಿಯದೆ ಬರೆದ ಮುಖಚಿತ್ರಕ್ಕೆ ಇಂದಿಗೂ ಅದನ್ನೇ ಉದಾಹರಿಸುತ್ತಾರೆ.

2000ದ ದಶಕದಲ್ಲಿ ಸಣ್ಣ ತಂಡಗಳು ಪಿಕ್ಸೆಲ್‌ಗೆ ಮರಳಿದಾಗ ಸಮಸ್ಯೆಯ ರೂಪ ಬದಲಾಯಿತು. ಯಂತ್ರದ ಮಿತಿ ಹೋಗಿದ್ದರೂ ಪಿಕ್ಸೆಲ್ ಉಳಿದದ್ದು ಕಲಾವಿದರ ಆಯ್ಕೆಯಿಂದ. ಹೀಗಿರುವಾಗ ಮುಖಚಿತ್ರವೂ ಪಿಕ್ಸೆಲ್‌ನಲ್ಲೇ ಇರಬೇಕೆ, ಅಥವಾ ಹಳೆಯ ಡಬ್ಬಿಗಳಂತೆ ಕುಂಚದ ವರ್ಣಚಿತ್ರವಾಗಬಹುದೆ ಎಂಬುದರಲ್ಲಿ ಒಮ್ಮತವಿಲ್ಲ. 2014ರ ಪಿಕ್ಸೆಲ್ ಆಟ ಶೊವೆಲ್ ನೈಟ್ ಎರಡನೆಯ ದಾರಿ ಹಿಡಿಯಿತು. 2018ರ ಸೆಲೆಸ್ಟ್ ಕೂಡ ಅದೇ ದಾರಿ ಹಿಡಿದರೂ ಅದರ ಮುಖಚಿತ್ರ ಹೆಚ್ಚು ಯೋಚಿಸಿ ಮಾಡಿದ್ದು: ಬೆಟ್ಟ ಹತ್ತುವ ಮ್ಯಾಡೆಲಿನ್ ಎಂಬ ಹುಡುಗಿಯ ಕೆಂಗೂದಲೇ ಅಲ್ಲಿ ಕಣ್ಣಿಗೆ ಹೊಡೆಯುವ ಬಣ್ಣ. ಆಟದೊಳಗೆ ಅವಳು ಹಿಡಿಯಷ್ಟು ಪಿಕ್ಸೆಲ್‌ಗಳ ಗೊಂಬೆಯಷ್ಟೆ, ಆದರೆ ಗಾಳಿಯಲ್ಲಿ ಚಿಮ್ಮುವ ಶಕ್ತಿಯಿದ್ದಾಗ ಅವಳ ಕೂದಲು ಕೆಂಪಗಿರುತ್ತದೆ, ಶಕ್ತಿ ತೀರಿದಾಗ ನೀಲಿಯಾಗುತ್ತದೆ. ಹೀಗೆ ಮುಖಚಿತ್ರದ ಬಣ್ಣ ಆಟದ ವ್ಯಾಕರಣದಿಂದಲೇ ಬಂದಿರುವುದರಿಂದ ಶೈಲಿ ಬೇರೆಯಾದರೂ ಮಾತು ತಪ್ಪಿಲ್ಲ. ಮುಖಚಿತ್ರವನ್ನು ಪಿಕ್ಸೆಲ್‌ನಲ್ಲಿ ಬರೆದರೋ ಕುಂಚದಲ್ಲಿ ಬರೆದರೋ ಎಂಬುದಕ್ಕಿಂತ ಇದು ಮುಖ್ಯವಾದ ಒರೆಗಲ್ಲು.

ಪಿಕ್ಸೆಲ್‌ನಲ್ಲೇ ಬರೆಯುವವರಿಗೆ ಲೆಕ್ಕದ ತೊಡಕೊಂದಿದೆ. ಸ್ಟೀಮ್‌ನ ತಲೆಪಟ್ಟಿ ಬಹುಕಾಲ 460×215 ಪಿಕ್ಸೆಲ್, ಚಿಕ್ಕ ಪಟ್ಟಿ 231×87, 2019ರಲ್ಲಿ ಸೇರಿದ ನಿಲುವು ಚಿತ್ರ 600×900 ಅಳತೆಯವಾಗಿದ್ದು, ಈಚೆಗೆ ಅಂಗಡಿ ಮೊದಲೆರಡಕ್ಕೆ ಇಮ್ಮಡಿ ಗಾತ್ರ ಕೇಳುತ್ತಿದ್ದರೂ ಪ್ರಮಾಣ ಹಾಗೆಯೇ ಉಳಿದಿದೆ. 32 ಪಿಕ್ಸೆಲ್ ಎತ್ತರದ ಗೊಂಬೆಯನ್ನು ಆರು ಪಟ್ಟು ಹಿಗ್ಗಿಸಿದರೆ 192 ಆಗಿ ತಲೆಪಟ್ಟಿಯಲ್ಲಿ ಹಿಡಿಸುತ್ತದೆ. ಇನ್ನಷ್ಟು ತುಂಬಿಕೊಳ್ಳಲೆಂದು ಆರೂವರೆ ಪಟ್ಟು ಹಿಗ್ಗಿಸಿದರೆ ಕೆಲವು ಚೌಕಗಳು ಆರರ ಅಗಲ, ಕೆಲವು ಏಳರ ಅಗಲವಾಗಿ ಗೊಂಬೆಯ ಕಣ್ಣುಗಳೇ ಒಂದರಂತೆ ಒಂದಿರುವುದಿಲ್ಲ, ಅಂಚು ನಯಗೊಳಿಸಿದರೆ ಇಡೀ ಚಿತ್ರ ಮಬ್ಬಾಗುತ್ತದೆ. ಚಿಕ್ಕ ಪಟ್ಟಿಯಲ್ಲಿ ಎರಡು ಪಟ್ಟು ಹಿಗ್ಗಿಸಲಷ್ಟೇ ಜಾಗ. ಆದ್ದರಿಂದ ಒಂದೇ ಚಿತ್ರವನ್ನು ಕುಗ್ಗಿಸುವ ಬದಲು ಪ್ರತಿ ಅಳತೆಗೂ ಹೊಸದಾಗಿ ಜೋಡಿಸಬೇಕು, ಪ್ರತಿಯೊಂದನ್ನೂ ಅದರದೇ ಗಾತ್ರದಲ್ಲಿ ನೋಡಿಯೇ ಅಳೆಯಬೇಕು. 2022ರ ಸೆಪ್ಟೆಂಬರಿನಿಂದ ಸ್ಟೀಮ್ ಮುಖಚಿತ್ರದಲ್ಲಿ ಪ್ರಶಸ್ತಿಗಳ ಹೆಸರು, ವಿಮರ್ಶಕರ ಮಾತು, ರಿಯಾಯಿತಿಯ ಘೋಷಣೆಗಳನ್ನು ನಿಷೇಧಿಸಿ ಆಟದ ಚಿತ್ರ ಮತ್ತು ಹೆಸರಿಗಷ್ಟೇ ಅವಕಾಶವಿತ್ತದ್ದು ಕಲಾವಿದರಿಗೆ ಸಂದ ದೊಡ್ಡ ಉಪಕಾರ.

ಪಿಕ್ಸೆಲ್ ಮರಳಿದ ಈ ಕಾಲದಲ್ಲೇ ಮುಖಚಿತ್ರವನ್ನು ಅಳೆಯಲು ಸಂಖ್ಯೆಗಳೂ ಬಂದವು. ಚಿತ್ರ ಎಷ್ಟು ಸಲ ಪರದೆಯ ಮೇಲೆ ಕಾಣಿಸಿತು, ಅದರಲ್ಲಿ ಎಷ್ಟು ಸಲ ಒತ್ತಿದರು ಎಂಬ ಅನುಪಾತವನ್ನು ಕ್ಲಿಕ್ ದರವೆನ್ನುತ್ತಾರೆ. ಇಂದು ಚಾಲ್ತಿಯಲ್ಲಿರುವ ಆ ಇಕ್ಕಟ್ಟಾದ ಉತ್ತರ ಇದೇ. ಎರಡು ಚಿತ್ರಗಳನ್ನು ಬೇರೆ ಬೇರೆ ಜನರಿಗೆ ತೋರಿಸಿ ಗೆದ್ದದ್ದನ್ನು ಉಳಿಸಿಕೊಳ್ಳುವ ಪರೀಕ್ಷೆಗೆ ಗೂಗಲ್ ಪ್ಲೇ 2015ರಲ್ಲೇ ಅನುಕೂಲ ಮಾಡಿಕೊಟ್ಟಿತು. ಸಣ್ಣ ತಂಡಕ್ಕೆ ಇದು ಎಷ್ಟು ಉಪಯುಕ್ತವೆಂದು ಗಣಿತವೇ ಹೇಳುತ್ತದೆ. ಒಂದು ಚಿತ್ರಕ್ಕೆ ನೂರಕ್ಕೆ 1, ಇನ್ನೊಂದಕ್ಕೆ 1.2ರಷ್ಟು ಕ್ಲಿಕ್ ಬರುತ್ತಿದ್ದರೆ, ಆ ವ್ಯತ್ಯಾಸ ಬರಿಯ ಆಕಸ್ಮಿಕವಲ್ಲವೆಂದು ಸಂಖ್ಯಾಶಾಸ್ತ್ರದ ರೂಢಿಯ ಮಟ್ಟದಲ್ಲಿ ನಂಬಲು ಒಂದೊಂದನ್ನೂ ಸುಮಾರು 43 ಸಾವಿರ ಸಲ ತೋರಿಸಬೇಕಾಗುತ್ತದೆ. ಕೆಲವು ನೂರು ಜನ ನೋಡಿದ ಪುಟದಲ್ಲಿ ಗೆದ್ದ ಚಿತ್ರ ಗೆದ್ದಿದೆಯೆನ್ನಲು ಆಧಾರವೇ ಇರುವುದಿಲ್ಲ.

ಸಾಕಷ್ಟು ಜನ ನೋಡಿದರೂ ಕ್ಲಿಕ್ ದರ ಅರ್ಧ ಪರೀಕ್ಷೆ ಮಾತ್ರ. ಸ್ಟೀಮ್ 2015ರ ಜೂನಿನಿಂದ, ಕೊಂಡ 14 ದಿನಗಳೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ, ಹಣ ಹಿಂತಿರುಗಿಸುತ್ತದೆ. ಸುಳ್ಳು ಆಸೆ ಹುಟ್ಟಿಸುವ ಮುಖಚಿತ್ರ ಮೊದಲ ಲೆಕ್ಕದಲ್ಲಿ ಗೆದ್ದು ಈ ಎರಡನೆಯ ಲೆಕ್ಕದಲ್ಲಿ ಸೋಲುತ್ತದೆ. ಆದ್ದರಿಂದ ಮುಖಚಿತ್ರವನ್ನು ಆಟದ ಮೊದಲ ಹತ್ತು ನಿಮಿಷಗಳ ಪರದೆಗಳ ಪಕ್ಕದಲ್ಲಿಟ್ಟು, ಎರಡೂ ಒಂದೇ ಆಟದವೆಂದು ಹೊಸಬರು ಹೇಳಬಲ್ಲರೇ ಎಂದು ನೋಡುವುದು ಯಾವ ಉಪಕರಣವನ್ನೂ ಬೇಡದ, ಹೆಚ್ಚು ಭರವಸೆಯ ಪರೀಕ್ಷೆ.

ಭಾರತದ ಸಣ್ಣ ತಂಡಗಳ ಆಟಗಳು, ಪುಣೆಯ ನಾಡಿಂಗ್ ಹೆಡ್ಸ್ ತಂಡದ 2020ರ ರಾಜಿಯಂಥವು, ಚಿತ್ರದಲ್ಲಿ ಇಲ್ಲಿನ ಕಲೆಯನ್ನು ತಂದರೂ ಹೆಸರನ್ನು ಹೆಚ್ಚಾಗಿ ರೋಮನ್ ಲಿಪಿಯಲ್ಲೇ ಇಟ್ಟುಕೊಂಡಿವೆ. ಕನ್ನಡದಲ್ಲಿ ಹೆಸರಿಡಬಯಸುವ ರೆಟ್ರೊ ಆಟಕ್ಕೆ ಅಕ್ಷರದ ತೊಡಕೂ ಎದುರಾಗುತ್ತದೆ. ಹಳೆಯ ಯಂತ್ರಗಳ 8×8 ಚೌಕದಲ್ಲಿ ರೋಮನ್ ಅಕ್ಷರ ಸಲೀಸಾಗಿ ಕೂರುತ್ತದೆ, ಆದರೆ ಅಷ್ಟರಲ್ಲಿ ಪಕಾರದ ಹೊಟ್ಟೆ ಸೀಳಿ ಷಕಾರ ಮಾಡುವ ಗೆರೆಗೆ ಜಾಗ ಸಾಲದು. ಕೆಳಗೆ ಒತ್ತಿನ ಮೇಲೆ ಒತ್ತು ಬರುವ ‘ರಾಷ್ಟ್ರ’ದಂಥ ಪದಕ್ಕಂತೂ ಅಕ್ಷರದ ಚೌಕದ ಕೆಳಗೆ ಇನ್ನೊಂದು ಸಾಲೇ ಬೇಕು. 87 ಪಿಕ್ಸೆಲ್ ಎತ್ತರದ ಪಟ್ಟಿಯಲ್ಲಿ ಇಂಥ ಹೆಸರು ಹೆಚ್ಚು ಜಾಗ ಕೇಳುವುದರಿಂದ, ಕನ್ನಡದ ಮುಖಚಿತ್ರದಲ್ಲಿ ಅಕ್ಷರವನ್ನೇ ಮೊದಲು ಬರೆದು, ಗೊಂಬೆಯನ್ನು ಒತ್ತಕ್ಷರಗಳ ನಡುವಿನ ಖಾಲಿ ಜಾಗಕ್ಕೆ ಹೊಂದಿಸಬೇಕಾಗುತ್ತದೆ.